ಕಡಲ ತಳದ ಹೊಲಿದ ಹಡಗು: ನಿಧಿ ಯಾವುದು, ಒಡೆಯರು ಯಾರು?

ಮುಳುಗಿದ ಹಡಗು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಚಿನ್ನದ ನಾಣ್ಯ ತುಂಬಿದ ಪೆಟ್ಟಿಗೆ. ಕಥೆ ಪುಸ್ತಕಗಳೂ ಸಿನಿಮಾಗಳೂ ನಮಗೆ ಕಲಿಸಿದ್ದು ಅದನ್ನೇ. ಆದರೆ ಇತಿಹಾಸದ ವಿದ್ಯಾರ್ಥಿಗೆ ಕಡಲ ತಳದಲ್ಲಿ ಚಿನ್ನಕ್ಕಿಂತ ಬೆಲೆಬಾಳುವ ವಸ್ತುಗಳು ಸಿಗುತ್ತವೆ. ಒಂದು ಮಣ್ಣಿನ ಬಟ್ಟಲು, ಹಗ್ಗದ ಒಂದು ತುಂಡು, ಮರದ ಹಲಗೆಯಲ್ಲಿ ಕೊರೆದ ಒಂದು ಸಾಲು ತೂತು, ಇವೇ ಕೆಲವೊಮ್ಮೆ ಶತಮಾನಗಳ ಇತಿಹಾಸವನ್ನು ತಿದ್ದಿ ಬರೆಯುವಂತೆ ಮಾಡುತ್ತವೆ. ಸುಮಾರು 1,200 ವರ್ಷಗಳ ಹಿಂದೆ ಚೀನಾದಿಂದ ಸರಕು ತುಂಬಿಕೊಂಡು ಹೊರಟು, ಅರ್ಧ ದಾರಿಯಲ್ಲೇ ಮುಳುಗಿದ ಹಡಗೊಂದು ಹೀಗೆ ಮಾಡಿತು. ಅದರ ಕಥೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಆ ಹಡಗಿನಲ್ಲಿ ಏನಿತ್ತು ಎಂಬುದರ ಜೊತೆಗೆ, ಅದನ್ನು ಮೇಲೆತ್ತಿದ ರೀತಿಯೂ ತಿಳಿದಿರಬೇಕು.

ಮೀನುಗಾರರ ಕೈಗೆ ಸಿಕ್ಕ ಬಟ್ಟಲುಗಳು

ಇಂಡೋನೇಷ್ಯಾದ ಸುಮಾತ್ರ ಮತ್ತು ಬೋರ್ನಿಯೋ ದ್ವೀಪಗಳ ನಡುವೆ ಬೆಲಿತುಂಗ್ ಎಂಬ ಸಣ್ಣ ದ್ವೀಪವಿದೆ. ಸಿಂಗಾಪುರದಿಂದ ಆಗ್ನೇಯಕ್ಕೆ ಸುಮಾರು 600 ಕಿ.ಮೀ. ದೂರ. 1998ರಲ್ಲಿ ಅಲ್ಲಿನ ಮುಳುಗುಗಾರರು ಸಮುದ್ರ ಸೌತೆ ಎಂಬ ಜಲಚರವನ್ನು ಹುಡುಕುತ್ತಾ ನೀರಿಗಿಳಿದಿದ್ದರು. ತೀರದಿಂದ ಮೂರು ಕಿ.ಮೀ.ಗಿಂತಲೂ ಕಡಿಮೆ ದೂರದಲ್ಲಿ, ಸುಮಾರು 17 ಮೀಟರ್ ಆಳದಲ್ಲಿ, ಹವಳ ಬೆಳೆದು ಮುಚ್ಚಿಕೊಂಡಿದ್ದ ಒಂದು ದಿಬ್ಬ ಅವರಿಗೆ ಕಂಡಿತು. ದಿಬ್ಬದ ತುಂಬ ಇದ್ದದ್ದು ಮಡಕೆ, ಬಟ್ಟಲುಗಳು. ಹತ್ತಿರದಲ್ಲೇ ಕರಿಬಂಡೆ ಎಂಬ ಅರ್ಥದ 'ಬಾತು ಹಿತಾಮ್' ಎಂಬ ಬಂಡೆ ಇದೆ. ಹಡಗು ಅದಕ್ಕೆ ಬಡಿದೇ ಒಡೆದಿರಬೇಕೆಂದು ಊಹಿಸಲಾಗಿದೆ.

ಇಂಡೋನೇಷ್ಯಾದಲ್ಲಿ ಅದು ಕಷ್ಟದ ವರ್ಷ. ಆರ್ಥಿಕ ಕುಸಿತ, ಗಲಭೆ, ಅಧ್ಯಕ್ಷ ಸುಹಾರ್ತೊ ಅವರ ರಾಜೀನಾಮೆ, ಎಲ್ಲವೂ ಅದೇ ವರ್ಷ ನಡೆದವು. ಕಡಲ ತಳದ ಒಂದು ದಿಬ್ಬವನ್ನು ಕಾಯುವ ಸ್ಥಿತಿಯಲ್ಲಿ ಸರಕಾರ ಇರಲಿಲ್ಲ. ಸಿಕ್ಕಿದ ವಸ್ತುಗಳು ಒಂದೊಂದಾಗಿ ಹಳೆಯ ಸಾಮಾನುಗಳ ವ್ಯಾಪಾರಿಗಳ ಕೈಸೇರತೊಡಗಿದವು. ಆಗ ಜರ್ಮನಿಯ ಟಿಲ್ಮನ್ ವಾಲ್ಟರ್‌ಫಾಂಗ್ ಅವರ ಸೀಬೆಡ್ ಎಕ್ಸ್‌ಪ್ಲೋರೇಷನ್ಸ್ ಎಂಬ ಖಾಸಗಿ ಕಂಪೆನಿ ಸರಕಾರದಿಂದ ಪರವಾನಗಿ ಪಡೆದು 1998ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೆಲಸ ಆರಂಭಿಸಿತು. ಮಳೆಗಾಲದಲ್ಲಿ ಕೆಲಸ ನಿಂತು 1999ರಲ್ಲಿ ಮುಂದುವರಿಯಿತು. ಎರಡನೆಯ ಹಂತದ ಉಸ್ತುವಾರಿಯನ್ನು ಪುರಾತತ್ವಜ್ಞ ಮೈಕೆಲ್ ಫ್ಲೆಕರ್ ವಹಿಸಿಕೊಂಡರು. ಹಡಗಿನ ರಚನೆಯ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಅವರು ಮಾಡಿದ ಟಿಪ್ಪಣಿ ಮತ್ತು ರೇಖಾಚಿತ್ರಗಳಿಂದ ತಿಳಿದದ್ದು.

ಹಡಗಿನ ಒಡಲಲ್ಲಿ ಏನಿತ್ತು?

ಮೇಲೆ ಬಂದ ವಸ್ತುಗಳ ಸಂಖ್ಯೆ ಸುಮಾರು 60,000. ಅವುಗಳಲ್ಲಿ ಬಹುಪಾಲು ಚೀನಾದ ಹುನಾನ್ ಪ್ರಾಂತದ ಚಾಂಗ್‌ಶಾ ಎಂಬಲ್ಲಿನ ಕುಂಬಾರರ ಆವಿಗೆಗಳಲ್ಲಿ ಸುಟ್ಟ ಬಟ್ಟಲುಗಳು. ಅವು ಅರಮನೆಯ ಸಾಮಾನುಗಳಲ್ಲ. ಬಗ್ದಾದಿನಲ್ಲೋ ಬಸ್ರಾದಲ್ಲೋ ಒಂದು ಸಾಧಾರಣ ಕುಟುಂಬ ಅಂಗಡಿಯಲ್ಲಿ ಕೊಂಡು ಊಟಕ್ಕೆ ಬಳಸಬಹುದಾಗಿದ್ದ ಬಟ್ಟಲುಗಳು. ಒಂದೊಂದರ ಮೇಲೂ ಕುಂಚದಿಂದ ಸರಸರನೆ ಬರೆದ ಹೂ, ಹಕ್ಕಿ, ಮೋಡ, ಅಲೆಗಳ ಚಿತ್ರ. ಕೆಲವುಗಳ ಮೇಲೆ ಚೀನೀ ಕವಿತೆ, ಕೆಲವುಗಳ ಮೇಲೆ ಬೌದ್ಧ ಚಿಹ್ನೆ. ಇನ್ನು ಕೆಲವುಗಳ ಮೇಲಿನ ಗೆರೆಗಳಲ್ಲಿ ಅರಬಿ ಲಿಪಿಯ ಅನುಕರಣೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಯಾರು ಕೊಂಡರೂ ಸರಿ ಎಂಬಂತೆ ಆ ಕುಂಬಾರರು ಎಲ್ಲರ ಅಭಿರುಚಿಗೂ ತಕ್ಕಂತೆ ಸಾಮಾನು ತಯಾರಿಸುತ್ತಿದ್ದರು. ಒಂದೇ ಅಳತೆಯ ಹತ್ತಾರು ಸಾವಿರ ಬಟ್ಟಲುಗಳನ್ನು ದೂರದೇಶದ ಪೇಟೆಗಾಗಿಯೇ ತಯಾರಿಸುವ ಉದ್ಯಮ ಒಂಬತ್ತನೇ ಶತಮಾನದಲ್ಲೇ ಇತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಈ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು, ಹಸಿರು ಬಣ್ಣದ ದೊಡ್ಡ ಜಾಡಿಗಳೊಳಗೆ ಸುರುಳಿಯಾಗಿ ಜೋಡಿಸಿದ್ದರು. ಒಂದು ದೊಡ್ಡ ಜಾಡಿಯಲ್ಲಿ ನೂರಕ್ಕೂ ಹೆಚ್ಚು ಬಟ್ಟಲುಗಳು ಹಿಡಿಯುತ್ತಿದ್ದವು. ಮರಳಿನ ಉಜ್ಜಾಟದಿಂದಲೂ ಹವಳದ ಹಿಡಿತದಿಂದಲೂ ಅವುಗಳನ್ನು ಕಾಪಾಡಿದ್ದು ಈ ಜಾಡಿಗಳೇ. ಸಾವಿರದ ಇನ್ನೂರು ವರ್ಷ ಉಪ್ಪುನೀರಿನಲ್ಲಿದ್ದರೂ ಎಷ್ಟೋ ಬಟ್ಟಲುಗಳು ನಿನ್ನೆ ಮೊನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿದ್ದವು.

ಒಂದು ಬಟ್ಟಲಿನ ಹೊರಮೈ ಮೇಲೆ ತಾರೀಕು ಕೆತ್ತಲಾಗಿತ್ತು: ಬಾವೊಲಿ ಆಳ್ವಿಕೆಯ ಎರಡನೇ ವರ್ಷ, ಏಳನೇ ತಿಂಗಳು, ಹದಿನಾರನೇ ದಿನ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 826, ಹಿಜರಿ 211. ಹಡಗು ಆ ಹೊತ್ತಿನಲ್ಲಿ, ಅಥವಾ ಸ್ವಲ್ಪ ನಂತರ ಹೊರಟಿರಬೇಕೆಂದು ನಿರ್ಧರಿಸಲು ಇದೊಂದೇ ಬಟ್ಟಲು ಸಾಕಾಯಿತು. ಯಾವ ಚಿನ್ನದ ಪಾತ್ರೆಯೂ ಇಷ್ಟು ಖಚಿತವಾಗಿ ಮಾತಾಡಲಿಲ್ಲ.

ಹಾಗೆಂದು ಚಿನ್ನ ಇರಲಿಲ್ಲವೆಂದಲ್ಲ. ವಾದ್ಯಗಾರರ ಮತ್ತು ನರ್ತಕನ ಉಬ್ಬುಚಿತ್ರಗಳಿದ್ದ ಎಂಟು ಮೂಲೆಯ ಚಿನ್ನದ ಬಟ್ಟಲು, ಚಿನ್ನದ ತಟ್ಟೆಗಳು, ಬೆಳ್ಳಿಯ ಡಬ್ಬಿಗಳು, ಬೆಳ್ಳಿಯ 18 ಗಟ್ಟಿಗಳು, 29 ಕಂಚಿನ ಕನ್ನಡಿಗಳು ಸಿಕ್ಕಿದವು. ಬಿಳಿ ಮೈ ಮೇಲೆ ನೀಲಿ ಚಿತ್ರವಿದ್ದ ಮೂರು ತಟ್ಟೆಗಳು ಸಿಕ್ಕಿದವು. ಮುಂದೆ ಲೋಕಪ್ರಸಿದ್ಧವಾದ ಚೀನಾದ ನೀಲಿ-ಬಿಳಿ ಪಿಂಗಾಣಿಯ ಅತ್ಯಂತ ಹಳೆಯ ಪೂರ್ಣ ಮಾದರಿಗಳಲ್ಲಿ ಅವು ಸೇರುತ್ತವೆ. ಇವುಗಳ ಜೊತೆಗೇ ಪಗಡೆಯ ದಾಳಗಳು, ತಕ್ಕಡಿಯ ತೂಕದ ಬಟ್ಟುಗಳು, ಮಸಿ ಅರೆಯುವ ಕಲ್ಲು, ಬಲೆಗೆ ಕಟ್ಟುವ ಗುಂಡುಗಳು ಮತ್ತು ಜಾಡಿಯಲ್ಲಿ ತುಂಬಿದ್ದ ಚಕ್ರಮೊಗ್ಗು ಸಿಕ್ಕಿದವು. ಬಿರಿಯಾನಿಗೆ ನಮ್ಮ ಮನೆಗಳಲ್ಲಿ ಹಾಕುವ ಅದೇ ಚಕ್ರಮೊಗ್ಗು! ಆ ಹಡಗಿನಲ್ಲಿದ್ದವರು ಬಲೆ ಬೀಸಿದವರು, ಲೆಕ್ಕ ಬರೆದವರು, ಬಿಡುವಿನಲ್ಲಿ ದಾಳ ಉರುಳಿಸಿದವರು. ಅವರಲ್ಲಿ ಒಬ್ಬರ ಹೆಸರೂ ನಮಗೆ ತಿಳಿಯದು.

ಮೊಳೆ ಇಲ್ಲದ ಹಡಗು

ವಿದ್ವಾಂಸರನ್ನು ಎಲ್ಲಕ್ಕಿಂತ ಹೆಚ್ಚು ಅಚ್ಚರಿಗೊಳಿಸಿದ್ದು ಹಡಗಿನ ದೇಹ. ಸರಕೆಲ್ಲ ಚೀನಾದ್ದು, ಆದರೆ ಹಡಗು ಚೀನಾದ್ದಲ್ಲ. ಅದರಲ್ಲಿ ಕಬ್ಬಿಣದ ಒಂದು ಮೊಳೆಯೂ ಇರಲಿಲ್ಲ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಹಗ್ಗದಿಂದ ಬಟ್ಟೆ ಹೊಲಿದಂತೆ ಹೊಲಿಯಲಾಗಿತ್ತು. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ, ಅಂದರೆ ಅರೇಬಿಯ, ಪರ್ಶಿಯಾ ಮತ್ತು ಭಾರತದ ಪಶ್ಚಿಮ ಕರಾವಳಿಯಲ್ಲಿ, ಹಡಗು ಕಟ್ಟುತ್ತಿದ್ದ ಕ್ರಮ ಇದೇ. ಮಂಗಳೂರಿನ ಹಳೆಯ ಬಂದರಿನಲ್ಲಿ ಮಂಜಿಗಳನ್ನು ನೋಡಿ ಬೆಳೆದವರಿಗೆ ಮರದ ಹಡಗಿನ ಪರಿಚಯವಿದೆ. ಆದರೆ ಮೊಳೆಯೇ ಇಲ್ಲದೆ, ಹಗ್ಗದ ಹೊಲಿಗೆಯ ಬಲದಲ್ಲೇ ಚೀನಾಕ್ಕೆ ಹೋಗಿ ಬರುತ್ತಿದ್ದ ಹಡಗನ್ನು ನಾವು ಯಾರೂ ಕಂಡವರಲ್ಲ.

ಅರಬ್ ವರ್ತಕರು ಚೀನಾಕ್ಕೆ ಹೋಗುತ್ತಿದ್ದರೆಂದು ಗ್ರಂಥಗಳು ಹೇಳುತ್ತಿದ್ದವು. ಆದರೆ ಅವರು ತಮ್ಮದೇ ಹಡಗುಗಳಲ್ಲಿ ನೇರವಾಗಿ ಹೋಗುತ್ತಿದ್ದರೇ, ಅಥವಾ ನಡುವಿನ ಬಂದರುಗಳಲ್ಲಿ ಸರಕು ಕೈ ಬದಲಾಯಿಸುತ್ತಿತ್ತೇ ಎಂಬ ಸಂದೇಹವಿತ್ತು. ಪಶ್ಚಿಮದ ಹಡಗೊಂದು ಚೀನೀ ಸರಕು ತುಂಬಿಕೊಂಡು ಆಗ್ನೇಯ ಏಷ್ಯಾದ ಕಡಲಲ್ಲಿ ಸಿಕ್ಕಿದಾಗ ನೇರ ವ್ಯಾಪಾರಕ್ಕೆ ಮೊದಲ ಭೌತಿಕ ಪುರಾವೆ ದೊರೆಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂತಹ ಸುದ್ದಿ ಓದಿದೊಡನೆ 'ಇದು ನಮ್ಮವರ ಹಡಗು' ಎಂದು ಎದೆ ಉಬ್ಬಿಸುವುದು ಸುಲಭ. ಆದರೆ ಪುರಾವೆ ಏನು ಹೇಳುತ್ತದೆ? ಫ್ಲೆಕರ್ ಅವರು 2001ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಹಡಗು 'ಅರಬ್ ಅಥವಾ ಭಾರತೀಯ' ಎಂಬ ಸಂದೇಹವನ್ನು ಉಳಿಸಿಕೊಂಡಿದ್ದರು. ಆ ಮೇಲೆ ಮರವನ್ನು ಮತ್ತೆ ಪರೀಕ್ಷಿಸಿದಾಗ ಹಲಗೆಗಳಲ್ಲಿ ಬಹುಪಾಲು ಆಫ್ರಿಕಾದ ಮರವೆಂದು ತಿಳಿದು, ಅರಬ್ ಮೂಲದ ವಾದಕ್ಕೆ ಬಲ ಬಂತು. ಅಂದರೆ ಮರ ಆಫ್ರಿಕಾದ್ದು, ಕಟ್ಟಿದ ಕ್ರಮ ಅರೇಬಿಯದ್ದು, ಸರಕು ಚೀನಾದ್ದು, ಸರಕಿನ ಮೇಲಿನ ಚಿಹ್ನೆಗಳಲ್ಲಿ ಕೆಲವು ಬೌದ್ಧ ಧರ್ಮದ್ದು. ನಾವಿಕರು ಯಾವ ಯಾವ ದೇಶದವರೋ, ಯಾವ ಯಾವ ನಂಬಿಕೆಯವರೋ! ಒಂದೇ ಜನಾಂಗದ ಹೆಸರು ಬರೆದು ಅಂಟಿಸಲು ಈ ಹಡಗು ಒಪ್ಪುವುದಿಲ್ಲ. ನಾವು ಹೆಮ್ಮೆ ಪಡಬೇಕಾದರೆ, ಇಷ್ಟೆಲ್ಲವನ್ನು ಒಂದೆಡೆ ಸೇರಿಸಿದ ಆ ಕಾಲದ ಧೈರ್ಯ ಮತ್ತು ಪರಸ್ಪರ ವಿಶ್ವಾಸದ ಬಗ್ಗೆ ಹೆಮ್ಮೆ ಪಡೋಣ.

ಬಗ್ದಾದಿನಿಂದ ಕ್ಯಾಂಟನ್ನಿಗೆ

ಆ ಕಾಲ ಎಂತಹದು? 826ರಲ್ಲಿ ಬಗ್ದಾದಿನಲ್ಲಿ ಖಲೀಫಾ ಮಅ್‌ಮೂನ್ (813-833) ಆಳುತ್ತಿದ್ದರು. ಗ್ರೀಕ್ ಮತ್ತು ಭಾರತೀಯ ಗ್ರಂಥಗಳ ಜ್ಞಾನ ಅರಬಿಗೆ ಹರಿದು ಬರುತ್ತಿದ್ದ ಕಾಲ. ಅತ್ತ ಚೀನಾದಲ್ಲಿ ತಾಂಗ್ ವಂಶದ ಆಳ್ವಿಕೆ. ಈ ಎರಡು ಸಾಮ್ರಾಜ್ಯಗಳನ್ನು ಜೋಡಿಸಿದ್ದು ಮಾನ್ಸೂನ್ ಗಾಳಿ. ಮಾನ್ಸೂನ್ ಎಂಬ ಹೆಸರೇ ಋತು ಎಂಬ ಅರ್ಥದ ಅರಬಿಯ 'ಮೌಸಿಮ್' ಶಬ್ದದಿಂದ ಬಂದದ್ದು.

851ರಲ್ಲಿ ಅರಬಿಯಲ್ಲಿ ರಚಿತವಾದ 'ಅಖ್ಬಾರುಸ್ಸೀನ್ ವಲ್ ಹಿಂದ್' ಎಂಬ ಕೃತಿ ಈ ದಾರಿಯನ್ನು ವಿವರಿಸುತ್ತದೆ. ಬಸ್ರಾ ಮತ್ತು ಒಮಾನಿನ ಸರಕು ಸೀರಾಫ್ ಬಂದರಿನಲ್ಲಿ ಹಡಗೇರುತ್ತಿತ್ತು. ಮಸ್ಕತ್ತಿನಲ್ಲಿ ಸಿಹಿನೀರು ತುಂಬಿಕೊಂಡು ಹೊರಟರೆ ಒಂದು ತಿಂಗಳಲ್ಲಿ ಕೇರಳದ ಕೊಲ್ಲಮ್. ಅಲ್ಲಿಂದ ಮುಂದೆ ಮಲಕ್ಕಾ ಜಲಸಂಧಿ ದಾಟಿ ಖಾನ್‌ಫು, ಅಂದರೆ ಇಂದಿನ ಗುವಾಂಗ್‌ಝೌ, ನಾವು ಕ್ಯಾಂಟನ್ ಎಂದು ಓದಿದ ಊರು. ಅಲ್ಲಿನ ಮುಸ್ಲಿಮರ ವ್ಯಾಜ್ಯ ತೀರ್ಮಾನಿಸಲು ಚೀನಾದ ದೊರೆ ಒಬ್ಬ ಮುಸ್ಲಿಮ್ ಕಾಝಿಯನ್ನೇ ನೇಮಿಸಿದ್ದನೆಂದು ಕೃತಿ ಹೇಳುತ್ತದೆ. ಒಳಗಿನ ನೀರು ಹೊರಗೆ ಕಾಣುವಷ್ಟು ತೆಳ್ಳಗಿನ ಚೀನೀ ಪಾತ್ರೆಗಳನ್ನು ಅದರ ಲೇಖಕರು ಕೊಂಡಾಡಿದ್ದಾರೆ.

ಇನ್ನೊಂದು ಮಾತನ್ನೂ ಅದೇ ಕೃತಿ ಹೇಳುತ್ತದೆ. ಬಸ್ರಾ, ಬಗ್ದಾದುಗಳಲ್ಲಿ ಚೀನೀ ಸರಕು ವಿರಳವಾಗಿರುವುದೇಕೆ? ಖಾನ್‌ಫುವಿನಲ್ಲಿ ಪದೇಪದೇ ಬೆಂಕಿ ಬೀಳುತ್ತದೆ, ದಾರಿಯಲ್ಲಿ ಲೂಟಿಯಾಗುತ್ತದೆ, ಹೋಗುವಾಗಲೋ ಬರುವಾಗಲೋ ಹಡಗುಗಳು ಒಡೆದುಹೋಗುತ್ತವೆ. ಇದು ಬೆಲಿತುಂಗ್ ಹಡಗು ಮುಳುಗಿ ಕಾಲು ಶತಮಾನದ ನಂತರದ ಬರಹ. ಲೇಖಕರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ 'ಒಡೆದುಹೋದ ಹಡಗುಗಳು' ಎಂಬ ಮಾತಿಗೆ ಇಂದು ನಮ್ಮ ಮುಂದೆ ಒಂದು ಸಾಕ್ಷಿ ಇದೆ.

ಮುಳುಗಿದ ಸರಕು ಯಾರದು?

ಹೀಗೆ ಸಿಕ್ಕಿದ ಸರಕು ಯಾರಿಗೆ ಸೇರಬೇಕು? ಕಂಡುಹಿಡಿದ ಮೀನುಗಾರರಿಗೋ, ಹಣ ಹೂಡಿ ಎತ್ತಿದವರಿಗೋ, ಆ ಕಡಲ ಒಡೆತನದ ಸರಕಾರಕ್ಕೋ? ಪ್ರಶ್ನೆ ಹೊಸದಲ್ಲ. ನಮ್ಮ ಕರಾವಳಿಗಳಲ್ಲೇ ಇದನ್ನು ಹಿಂದಿನವರು ಗಂಭೀರವಾಗಿ ಎದುರಿಸಿದ್ದರು.

ಆಂಧ್ರದ ಮೋಟುಪಲ್ಲಿ ಎಂಬ ಹಳೆಯ ಬಂದರಿನಲ್ಲಿ ಕಾಕತೀಯ ದೊರೆ ಗಣಪತಿದೇವನ 1244ರ ಶಾಸನವಿದೆ. ಬಿರುಗಾಳಿಗೆ ಸಿಕ್ಕಿ ಒಡೆದು ದಡಕ್ಕೆ ಬಂದ ಹಡಗುಗಳ ಸರಕನ್ನೆಲ್ಲ ಹಿಂದಿನ ಅರಸರು ಬಲಾತ್ಕಾರದಿಂದ ಕಸಿದುಕೊಳ್ಳುತ್ತಿದ್ದರು. ತಾನು ನಿಗದಿತ ಸುಂಕವನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲವೆಂದು ಗಣಪತಿದೇವ ಕಡಲ ವ್ಯಾಪಾರಿಗಳಿಗೆ ಅಭಯ ನೀಡಿದ.

ಸುಮಾರು ನೂರು ವರ್ಷಗಳ ಬಳಿಕ, 1340ರ ದಶಕದಲ್ಲಿ, ಪ್ರವಾಸಿ ಇಬ್ನ್ ಬತೂತ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟು, ಹೊನ್ನಾವರ, ಮಂಗಳೂರುಗಳ ಮೂಲಕ ಕಲ್ಲಿಕೋಟೆ ತಲುಪಿದ. ಅಲ್ಲಿ ಬಿರುಗಾಳಿ ಎದ್ದು ಸುಲ್ತಾನನ ಉಡುಗೊರೆಗಳಿದ್ದ ಹಡಗು ಒಡೆಯಿತು. ಶುಕ್ರವಾರದ ನಮಾಝಿಗಾಗಿ ದಡದಲ್ಲೇ ಉಳಿದಿದ್ದ ಇಬ್ನ್ ಬತೂತ ಬದುಕಿಕೊಂಡ. ಆಗ ಕಂಡ ಒಂದು ದೃಶ್ಯವನ್ನು ಅವನು ದಾಖಲಿಸಿದ್ದಾನೆ. ಅಲೆಗಳು ದಡಕ್ಕೆ ತಂದೆಸೆದ ವಸ್ತುಗಳನ್ನು ಜನ ದೋಚದಂತೆ ಸಾಮೂದಿರಿಯ ಕಾವಲುಗಾರರು ಅವರನ್ನು ಹೊಡೆದು ಓಡಿಸುತ್ತಿದ್ದರು. ಮಲಬಾರಿನ ಬೇರೆಡೆಗಳಲ್ಲಿ ಒಡೆದ ಹಡಗಿನ ಸರಕು ಅರಸನ ಖಜಾನೆಗೆ ಸೇರುತ್ತದೆ, ಕಲ್ಲಿಕೋಟೆಯಲ್ಲಿ ಮಾತ್ರ ಅದು ಮಾಲಕರಿಗೇ ಸಿಗುತ್ತದೆ, ಆದುದರಿಂದಲೇ ವರ್ತಕರು ಅಲ್ಲಿಗೆ ಬರುತ್ತಾರೆ, ಊರು ಬೆಳೆದಿದೆ ಎನ್ನುತ್ತಾನೆ ಅವನು.

ಮುಳುಗಿದ್ದನ್ನು ಎತ್ತುವ ವಿದ್ಯೆಯೂ ಹಳೆಯದೇ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಮ್ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಅವನಿಗೆ ಏಡನ್ನಿನಿಂದ ಬಂದ, ಹೀಬ್ರೂ ಲಿಪಿಯಲ್ಲಿ ಬರೆದ ಅರಬಿ ಪತ್ರಗಳು ಕೈರೋದ ಹಳೆಯ ಸಿನಗಾಗಿನ ಕೋಣೆಯೊಂದರಲ್ಲಿ ಉಳಿದುಬಂದಿವೆ. ಅವನ ಸರಕಿದ್ದ ಹಡಗೊಂದು ಬಾಬುಲ್ ಮಂದಬ್ ಬಳಿ ಮುಳುಗಿದ ಸುದ್ದಿ ಒಂದು ಪತ್ರದಲ್ಲಿದೆ. ಕರಿಮೆಣಸು ಪೂರ್ತಿ ಹಾಳಾಯಿತು. ಆದರೆ ಕಬ್ಬಿಣಕ್ಕಾಗಿ ಏಡನ್ನಿನಿಂದ ಅನುಭವಿ ಮುಳುಗುಗಾರರನ್ನು ಕರೆಸಿ, ಅವರಿಂದ ಸುಮಾರು ಅರ್ಧದಷ್ಟನ್ನು ಎತ್ತಿಸಲಾಯಿತು. ಮಂಗಳೂರಿನ ವರ್ತಕನಿಗೆ ಅವನ ಪಾಲಿನ ಲೆಕ್ಕ ಬಂತು. ಸಾವಿರಾರು ಕಿ.ಮೀ. ದೂರದಲ್ಲಿ, ಬೇರೊಂದು ಅರಸೊತ್ತಿಗೆಯಲ್ಲಿ, ಕಣ್ಣಿಗೆ ಕಾಣದ ಕಡಲ ತಳದಲ್ಲಿ ಬಿದ್ದಿದ್ದರೂ ಮಾಲು ಮಾಲಕನದ್ದೇ!

ಈ ಮೂರು ಉದಾಹರಣೆಗಳಲ್ಲೂ ಇರುವ ನೀತಿ ಒಂದೇ. ಮುಳುಗಿದ್ದು ಎಂದ ಮಾತ್ರಕ್ಕೆ ಅದು ಸಿಕ್ಕಿದವನ ಸೊತ್ತಾಗುವುದಿಲ್ಲ.

ಹಾಗಾದರೆ ಸಾವಿರದ ಇನ್ನೂರು ವರ್ಷಗಳ ಬಳಿಕ ಸಿಕ್ಕಿದ ಹಡಗಿಗೆ ಮಾಲಕರು ಯಾರು? ಸರಕು ಕಳಿಸಿದವರಿಲ್ಲ, ಅದಕ್ಕಾಗಿ ಕಾದವರಿಲ್ಲ, ಅವರ ವಾರಸುದಾರರ ಗುರುತಿಲ್ಲ. ಉಳಿದಿರುವ ಆಸ್ತಿ ಅದರಲ್ಲಿ ಅಡಗಿರುವ ಅರಿವು ಮಾತ್ರ. ಆ ಅರಿವಿಗೆ ವಾರಸುದಾರರು ಮುಂದಿನ ಎಲ್ಲ ತಲೆಮಾರುಗಳು.

ಎತ್ತುವುದಕ್ಕಿಂತ ಉಳಿಸುವುದು ಕಷ್ಟ

ಅರಿವು ಎಲ್ಲಿ ಅಡಗಿರುತ್ತದೆ? ವಸ್ತುವಿನಲ್ಲಿ ಎಷ್ಟೋ ಅಷ್ಟೇ ಅದು ಬಿದ್ದಿರುವ ಜಾಗದಲ್ಲಿ. ಆದುದರಿಂದ ಪುರಾತತ್ವಜ್ಞರು ಮೊದಲು ತಾಣವನ್ನು ಚೌಕಗಳಾಗಿ ವಿಂಗಡಿಸಿ ಅಳೆಯುತ್ತಾರೆ, ಚಿತ್ರ ಬರೆಯುತ್ತಾರೆ, ಫೋಟೊ ತೆಗೆಯುತ್ತಾರೆ. ಅನಂತರ ಕೊಳವೆಯಿಂದ ಹೂಳನ್ನು ಮೆಲ್ಲಗೆ ಹೀರಿ ತೆಗೆಯುತ್ತಾರೆ. ಯಾವ ವಸ್ತು ಯಾವ ಚೌಕದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂದು ಬರೆದ ಮೇಲೆಯೇ ಅದನ್ನು ಕದಲಿಸುವುದು. ಜಾಡಿಯೊಳಗೆ ಇದ್ದಂತೆಯೇ ಕಂಡ ಬಟ್ಟಲು ಹಡಗಿಗೆ ಸರಕು ತುಂಬಿದ ಕ್ರಮವನ್ನು ಹೇಳುತ್ತದೆ. ಅದೇ ಬಟ್ಟಲು ಪೇಟೆಯ ಗಾಜಿನ ಕಪಾಟಿನಲ್ಲಿ ಕಂಡರೆ ತನ್ನ ಬೆಲೆಯನ್ನಷ್ಟೇ ಹೇಳುತ್ತದೆ.

ಮೇಲೆ ತಂದ ಮೇಲೆ ಇನ್ನೊಂದು ಅಪಾಯ ಕಾದಿರುತ್ತದೆ. ಶತಮಾನಗಳ ಕಾಲ ಉಪ್ಪುನೀರು ಹೀರಿಕೊಂಡ ಮಡಕೆಯನ್ನು ಹಾಗೇ ಒಣಗಲು ಬಿಟ್ಟರೆ, ಒಳಗಿನ ಉಪ್ಪು ಹರಳುಗಟ್ಟಿ ಮೇಲಿನ ಹೊಳಪನ್ನು ಸಿಡಿಸಿಬಿಡುತ್ತದೆ. ಆದುದರಿಂದ ಸಿಹಿನೀರಿನಲ್ಲಿ ನೆನೆಹಾಕಿ, ನೀರು ಬದಲಾಯಿಸುತ್ತಾ ತಿಂಗಳುಗಟ್ಟಲೆ ಕಾಯಬೇಕು. ಬೆಲಿತುಂಗ್ ವಸ್ತುಗಳನ್ನು ನ್ಯೂಜಿಲೆಂಡಿಗೆ ಒಯ್ದು ವರ್ಷಗಳ ಕಾಲ ಸಂಸ್ಕರಿಸಲಾಯಿತು. ಮರದ ಪಾಡು ಇನ್ನೂ ಕಷ್ಟ. 1628ರಲ್ಲಿ ಮುಳುಗಿ 1961ರಲ್ಲಿ ಎತ್ತಿದ ಸ್ವೀಡನ್ನಿನ ವಾಸಾ ಯುದ್ಧನೌಕೆಯ ಮರ ಕುಗ್ಗಿ ಸೀಳದಂತೆ ಉಳಿಸಲು 17 ವರ್ಷ ಅದರ ಮೇಲೆ ರಾಸಾಯನಿಕ ದ್ರಾವಣವನ್ನು ಸಿಂಪಡಿಸಬೇಕಾಯಿತು.

ಒಂದು ಪ್ರದರ್ಶನ ನಿಂತುಹೋದ ಕಥೆ

2005ರಲ್ಲಿ ಬೆಲಿತುಂಗ್ ಸಂಗ್ರಹವನ್ನು ಸಿಂಗಾಪುರ ಸುಮಾರು 3.2 ಕೋಟಿ ಡಾಲರಿಗೆ ಕೊಂಡಿತು. 2011ರಲ್ಲಿ ಅಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಮುಂದೆ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಹೋಗಬೇಕಿತ್ತು. ಆದರೆ ಅಮೆರಿಕದ ಅನೇಕ ಪುರಾತತ್ವಜ್ಞರು ವಿರೋಧಿಸಿದರು. ಲಾಭಕ್ಕಾಗಿ, ಕೆಲವೇ ತಿಂಗಳಲ್ಲಿ, ಅವಸರದಿಂದ ಎತ್ತಿದ ಸಾಮಾನನ್ನು ಇಂತಹ ಸಂಸ್ಥೆ ಪ್ರದರ್ಶಿಸಿದರೆ ನಾಳೆ ಕಡಲಲ್ಲಿ ದೋಚುವವರಿಗೆಲ್ಲ ಧೈರ್ಯ ಬರುತ್ತದೆ ಎಂಬುದು ಅವರ ವಾದ. ಪ್ರದರ್ಶನವನ್ನು ಮೊದಲು ಮುಂದೂಡಿ, 2011ರ ಡಿಸೆಂಬರಿನಲ್ಲಿ ರದ್ದುಪಡಿಸಲಾಯಿತು.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಕಂಪೆನಿ ಕೆಲಸಕ್ಕಿಳಿಯದಿದ್ದರೆ ಏನಾಗುತ್ತಿತ್ತು? ಹಡಗು ಆಗಲೇ ಲೂಟಿಯಾಗುತ್ತಿತ್ತು, ಬಟ್ಟಲುಗಳು ಸಾವಿರ ಮನೆಗಳಿಗೆ ಚದರಿಹೋಗುತ್ತಿದ್ದವು. ಕಂಪೆನಿ ಸಂಗ್ರಹವನ್ನು ಬಿಡಿಬಿಡಿಯಾಗಿ ಹರಾಜು ಹಾಕಲಿಲ್ಲ, ಬಹುಪಾಲನ್ನು ಒಂದೇ ಕಡೆ ಉಳಿಸಿತು ಎನ್ನುತ್ತಾರೆ ಅದರ ಸಮರ್ಥಕರು. ಈ ಮಾತಿನಲ್ಲೂ ಹುರುಳಿದೆ. ಚದರಿಹೋದ ಸಂಗ್ರಹಗಳ ಉದಾಹರಣೆ ನಮ್ಮ ಮುಂದಿದೆ. 1752ರಲ್ಲಿ ಮುಳುಗಿದ ಗೆಲ್ಡರ್‌ಮಾಲ್ಸೆನ್ ಎಂಬ ಡಚ್ ಹಡಗಿನಿಂದ 1985ರಲ್ಲಿ ಎತ್ತಿದ ಒಂದೂವರೆ ಲಕ್ಷದಷ್ಟು ಪಿಂಗಾಣಿ ಮತ್ತು ಚಿನ್ನದ ಗಟ್ಟಿಗಳು ಮರುವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಹರಾಜಾಗಿ ಲೋಕದ ಮೂಲೆಮೂಲೆಗೆ ಹೋದವು. ಆ ಹಡಗಿನ ದೇಹದ ಬಗ್ಗೆ ಸರಿಯಾದ ದಾಖಲೆಯೇ ಉಳಿಯಲಿಲ್ಲ.

ಆದರೆ ಲೂಟಿ ಮತ್ತು ವ್ಯಾಪಾರ, ಈ ಎರಡಲ್ಲದೆ ಮೂರನೆಯ ದಾರಿಯೂ ಇದೆ. 1503ರಲ್ಲಿ ವಾಸ್ಕೋ ಡ ಗಾಮನ ಸೋದರಮಾವ ವಿಸೆಂಟೆ ಸೋದ್ರೆಯ 'ಎಸ್ಮೆರಾಲ್ಡ' ಹಡಗು ಒಮಾನಿನ ಅಲ್ ಹಲ್ಲಾನಿಯ ದ್ವೀಪದ ಬಳಿ ಮುಳುಗಿತು. ಕೊಚ್ಚಿ, ಕಣ್ಣಾನೂರುಗಳ ಪೋರ್ಚುಗೀಸ್ ಕೋಠಿಗಳನ್ನು ಕಾಯಬೇಕಾಗಿದ್ದವನು ಅದನ್ನು ಬಿಟ್ಟು ಅರಬ್ಬೀ ಕಡಲಲ್ಲಿ ವ್ಯಾಪಾರಿ ಹಡಗುಗಳನ್ನು ದೋಚಲು ಹೋಗಿದ್ದ. ಬಿರುಗಾಳಿ ಬರಲಿದೆ ಎಂದು ಸ್ಥಳೀಯರು ಎಚ್ಚರಿಸಿದರೂ ಕೇಳಲಿಲ್ಲ. 1998ರಲ್ಲಿ ಪತ್ತೆಯಾದ ಈ ತಾಣವನ್ನು ಒಮಾನ್ ಸರಕಾರ ಅವಸರಪಡದೆ, 2013ರಿಂದ 2015ರವರೆಗೆ ತಜ್ಞರೊಂದಿಗೆ ಸೇರಿ ಉತ್ಖನನ ಮಾಡಿಸಿತು. 2,800ಕ್ಕೂ ಹೆಚ್ಚು ವಸ್ತುಗಳು ಸಿಕ್ಕಿದವು. 1498 ಎಂಬ ಇಸವಿಯಿದ್ದ ಗಂಟೆ ಅವುಗಳಲ್ಲಿ ಒಂದು. ಯಾವುದೂ ಮಾರಾಟವಾಗಲಿಲ್ಲ. ಎಲ್ಲವೂ ಒಮಾನಿನ ಸೊತ್ತಾಗಿಯೇ ಉಳಿದವು, ವರದಿ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಯುನೆಸ್ಕೊ 2001ರಲ್ಲಿ ಅಂಗೀಕರಿಸಿದ ಒಪ್ಪಂದದ ಆಶಯವೂ ಇದೇ. 2009ರಲ್ಲಿ ಜಾರಿಗೆ ಬಂದ ಈ ಒಪ್ಪಂದ ನೂರು ವರ್ಷಕ್ಕಿಂತ ಹೆಚ್ಚು ಕಾಲ ನೀರಿನಡಿ ಇರುವ ಪರಂಪರೆಗೆ ಅನ್ವಯಿಸುತ್ತದೆ. ಸಾಧ್ಯವಾದರೆ ಇದ್ದಲ್ಲೇ ಕಾಪಾಡುವುದನ್ನು ಮೊದಲು ಯೋಚಿಸಬೇಕು, ವ್ಯಾಪಾರಕ್ಕಾಗಿ ಎತ್ತಬಾರದು ಎನ್ನುತ್ತದೆ. ಆದರೆ ಕಾಯಲು ಜನರಿಲ್ಲದ ಕಡಲಲ್ಲಿ 'ಇದ್ದಲ್ಲೇ ಇರಲಿ' ಎನ್ನುವುದು ಲೂಟಿಗೆ ಬಿಟ್ಟಂತೆಯೇ ಸರಿ. ಕಾನೂನಿನ ಜೊತೆಗೆ ಕಾಯುವವರೂ ಕಲಿತವರೂ ಬೇಕು. ಬೆಲಿತುಂಗಿನಲ್ಲಿ ಕೊರತೆಯಾದದ್ದು ಅದೇ.

ಮತ್ತೆ ಹೊಲಿದ ಹಡಗು

ಕಥೆಯ ಸಂತೋಷದ ಭಾಗವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಕಡಲ ತಳದಲ್ಲಿ ಕಂಡ ಹಲಗೆ, ತೂತು, ಹೊಲಿಗೆಗಳ ದಾಖಲೆಯನ್ನು ಆಧರಿಸಿ ಒಮಾನಿನಲ್ಲಿ ಅದೇ ಬಗೆಯ ಹಡಗನ್ನು ಹೊಸದಾಗಿ ಕಟ್ಟಲಾಯಿತು. ಉದ್ದ 18 ಮೀಟರ್. ಹಲಗೆಗಳಿಗೆ ಮರ ಘಾನಾದಿಂದ ಬಂತು. ಹೊಲಿಯಲು ತೆಂಗಿನ ನಾರಿನ ಹಗ್ಗ. ಆ ಹೊಲಿಗೆಯ ಕೈಚಳಕ ಎಲ್ಲಿ ಉಳಿದಿತ್ತು? ಕೇರಳದಲ್ಲಿ. ಅಲ್ಲಿನ ಹಗ್ಗದ ಕೆಲಸಗಾರರು ಹೋಗಿ ಒಮಾನಿನ ಕಸುಬುದಾರರ ಜೊತೆ ಕುಳಿತು ಹಡಗನ್ನು ಹೊಲಿದರು. ಶಾಲೆಯ ಪುಸ್ತಕದಲ್ಲಿಲ್ಲದ ವಿದ್ಯೆ ಕಸುಬುದಾರರ ಕೈಯಲ್ಲಿ ಉಳಿದಿತ್ತು.

'ಜ್ಯುವೆಲ್ ಆಫ್ ಮಸ್ಕತ್' ಎಂಬ ಆ ಹಡಗು ಒಮಾನಿನ ಕಪ್ತಾನ ಸಾಲಿಹ್ ಅಲ್ ಜಾಬ್ರಿ ಅವರ ನೇತೃತ್ವದಲ್ಲಿ 2010ರ ಫೆಬ್ರವರಿ 16ರಂದು ಮಸ್ಕತ್ತಿನಿಂದ ಹೊರಟಿತು. ಕೊಚ್ಚಿ, ಶ್ರೀಲಂಕಾದ ಗಾಲೆ, ಮಲೇಷ್ಯಾದ ಪೆನಾಂಗ್ ದಾಟಿ ಜುಲೈ 3ರಂದು ಸಿಂಗಾಪುರ ತಲುಪಿತು. ಒಮಾನ್ ಅದನ್ನು ಸಿಂಗಾಪುರಕ್ಕೆ ಕಾಣಿಕೆಯಾಗಿ ನೀಡಿತು. ಮೂಲ ಹಡಗಿನ ಸರಕಿಗೆ 2015ರಿಂದ ಸಿಂಗಾಪುರದ ಏಷಿಯನ್ ನಾಗರಿಕತೆಗಳ ವಸ್ತುಸಂಗ್ರಹಾಲಯದಲ್ಲಿ ಪ್ರತ್ಯೇಕ ವಿಭಾಗವಿದೆ. ಇಷ್ಟು ಸಾಧ್ಯವಾದದ್ದು ಎರಡನೆಯ ಹಂತದಲ್ಲಾದರೂ ಹಲಗೆಗಳನ್ನು ಅಳೆದು ಬರೆದಿಟ್ಟ ಕಾರಣದಿಂದ. ಬರೆದಿಡದೆ ಕದಲಿಸಿದ್ದನ್ನು ಯಾರೂ ಮತ್ತೆ ಕಟ್ಟಲಾರರು.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು

ನಮ್ಮ ಸಮುದಾಯದಲ್ಲಿ ಓದುವ ಮಕ್ಕಳೆಂದರೆ ವೈದ್ಯ, ಇಂಜಿನಿಯರ್ ಆಗಬೇಕೆಂಬ ಆಸೆ ಎಲ್ಲ ಹೆತ್ತವರಿಗೂ ಇದೆ. ಅದು ತಪ್ಪಲ್ಲ. ಆದರೆ ಇತಿಹಾಸ, ಪುರಾತತ್ವ, ಅರಬಿ ಮತ್ತು ಪಾರಸಿ ಹಸ್ತಪ್ರತಿಗಳ ಅಧ್ಯಯನಕ್ಕೂ ಕೆಲವರಾದರೂ ಮುಂದೆ ಬರಬೇಡವೇ? ಭಾರತದಲ್ಲಿ ಸಾಗರ ಪುರಾತತ್ವಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರಾದ ಡಾ. ಎಸ್. ಆರ್. ರಾವ್ (1922-2013). ದ್ವಾರಕೆಯ ಕಡಲ ತಳದ ಶೋಧನೆಯನ್ನು ಅವರು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೂಲಕ ನಡೆಸಿದರು. ಅದೇ ಸಂಸ್ಥೆ ಗೋವಾದ ಸುಂಚಿ ಬಂಡೆಯ ಬಳಿ ಮುಳುಗಿದ 17ನೇ ಶತಮಾನದ ಹಡಗಿನಿಂದ ಆನೆಯ ದಂತ, ನೀರಾನೆಯ ಹಲ್ಲು, ಪಿಂಗಾಣಿ ಚೂರುಗಳನ್ನು ಕ್ರಮವಾಗಿ ಸಂಗ್ರಹಿಸಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲೂ 2001ರಲ್ಲಿ ನೀರಿನಡಿಯ ಪುರಾತತ್ವ ವಿಭಾಗ ಆರಂಭವಾಯಿತು. ದಾರಿ ಇದೆ, ನಡೆಯುವವರು ಬೇಕು.

ಸಮುದ್ರಕ್ಕಿಳಿಯಲಾಗದವರೂ ಮಾಡಬಹುದಾದ ಕೆಲಸವಿದೆ. ನಮ್ಮ ಕರಾವಳಿಯ ಮನೆಗಳ ಅಟ್ಟದಲ್ಲಿ ಹಳೆಯ ಲೆಕ್ಕದ ಪುಸ್ತಕಗಳಿರಬಹುದು, ಮಂಜಿಯ ಕಾಗದಪತ್ರಗಳಿರಬಹುದು, ಮಸೀದಿಯ ಹಿತ್ತಿಲಲ್ಲಿ ಬರಹವಿರುವ ಗೋರಿಕಲ್ಲುಗಳಿರಬಹುದು. ಅವುಗಳನ್ನು ಗುಜರಿಗೆ ಹಾಕುವ ಮೊದಲು, ಸುಣ್ಣ ಬಳಿಯುವ ಮೊದಲು, ಒಂದು ಫೋಟೊ ತೆಗೆದು, ಎಲ್ಲಿತ್ತು, ಯಾರದಾಗಿತ್ತು ಎಂದು ಬರೆದಿಡಿ. ಬೆಲಿತುಂಗಿನ ಬಟ್ಟಲಿನ ಮೇಲೆ ಆ ಕುಂಬಾರ ತಾರೀಕು ಗೀಚುವಾಗ ಮುಂದೊಂದು ದಿನ ಅದನ್ನು ಯಾರಾದರೂ ಓದುತ್ತಾರೆಂದು ಯೋಚಿಸಿರಲಾರ. ಅವನು ಬರೆದ, ಅಷ್ಟೇ. ಆ ಒಂದು ಸಾಲಿನಿಂದ ಒಂದು ಹಡಗಿಗೆ ಅದರ ಕಾಲ ಮರಳಿ ಸಿಕ್ಕಿತು.